ಹುಣಸೂರಿನಲ್ಲಿ ಇಳಿದ ದೋಣಿ

ನಾನು ಬಣ್ಣ ಮಾರುವವನು. ಎಚ್.ಡಿ. ಕೋಟೆಯ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ ನನ್ನ ಅಂಗಡಿ. ಸುತ್ತಮುತ್ತಲ ಹಳ್ಳಿಗಳಲ್ಲಿ ಯಾರ ಮನೆಯ ಕಿಟಕಿ ಹಸಿರು, ಯಾರ ಮನೆಯ ಗೇಟು ನೀಲಿ, ಯಾರ ಗಾಡಿಯ ಚಕ್ರ ಕೆಂಪು ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಇಂಥವನಿಗೆ ಒಂದು ಚಿತ್ರ ಬರೆಯುವುದು ಎಷ್ಟರ ಕೆಲಸ? ಅಕ್ಕಿ ವ್ಯಾಪಾರ ಮಾಡುವವನಿಗೆ ಅನ್ನ ಮಾಡಲು ಬರುವುದಿಲ್ಲವೇ ಎಂದು ನನ್ನನ್ನು ನಾನೇ ಕೇಳಿಕೊಂಡೆ. ಬರುತ್ತದೆ ಎಂದು ನಾನೇ ಉತ್ತರವನ್ನೂ ಕೊಟ್ಟುಕೊಂಡೆ. ಎಲ್ಲಾ ಶುರುವಾಗಿದ್ದು ಅಲ್ಲಿಂದ.

ಅಲ್ಲಿಂದ ಅಂದರೆ, ಸರಿಯಾಗಿ ಹೇಳಬೇಕೆಂದರೆ, ಬೀಚನಹಳ್ಳಿಯಿಂದ. ಕಬಿನಿ ಹಿನ್ನೀರಿನ ದಂಡೆಯಲ್ಲಿ ಆಗ ಹೊಸದಾಗಿ ಒಂದು ರೆಸಾರ್ಟ್ ಎದ್ದಿತ್ತು. ಅವರಿಗೆ ಬಣ್ಣದ ಡಬ್ಬಿಗಳನ್ನು ಟೆಂಪೋದಲ್ಲಿ ಹಾಕಿಕೊಂಡು ಹೋಗಿದ್ದೆ. ಮುಂದಿನ ಹಾಲ್‌ನಲ್ಲಿ ಗೋಡೆಯ ತುಂಬ ಒಂದು ಚಿತ್ರ ನೇತುಹಾಕಿದ್ದರು. ಹತ್ತಿರ ಹೋಗಿ ಮೂಗು ತಾಗುವಷ್ಟು ಬಗ್ಗಿ ನೋಡಿದೆ. ಒಂದಷ್ಟು ನೀಲಿ ಮೆತ್ತಿದ್ದರು, ಒಂದಷ್ಟು ಬಿಳಿ ಒರೆಸಿದ್ದರು, ನಡುನಡುವೆ ಕಿತ್ತಳೆ ಬಣ್ಣ ಚೆಲ್ಲಿಹೋಗಿತ್ತು. ನಮ್ಮ ಪೇಂಟರ್‌ಗಳು ನೆಲ ಹಾಳಾಗದಿರಲಿ ಎಂದು ಹಾಸುವ ಹಳೇ ಪೇಪರ್ ಕೂಡ ಇದಕ್ಕಿಂತ ಲಕ್ಷಣವಾಗಿರುತ್ತದೆ.

"ಸಾರ್, ಪೇಂಟರು ಕೈ ಒರೆಸ್ಕಂಡಿರೋ ಬಟ್ಟೆಗೆ ಯಾಕೆ ಫ್ರೇಮ್ ಹಾಕ್ಸಿದ್ದೀರಿ?" ಎಂದು ನಿಜವಾದ ಕನಿಕರದಿಂದ ಕೇಳಿದೆ.

ಮ್ಯಾನೇಜರ್ ಕೇರಳದ ಕಡೆಯವರು. ನನ್ನ ಎರಡೂ ಭುಜ ಹಿಡಿದು ಹಿಂದಕ್ಕೆ, ಇನ್ನೂ ಹಿಂದಕ್ಕೆ, ಬಾಗಿಲವರೆಗೆ ನಡೆಸಿದರು. ಹೊರಗೇ ಹಾಕುತ್ತಾರೆ ಎಂದುಕೊಂಡೆ. ಬಾಗಿಲಲ್ಲಿ ನಿಲ್ಲಿಸಿ, "ಈಗ ನೋಡಿ" ಎಂದರು.

ನೋಡಿದೆ. ನೀರು! ಬೆಳಗಿನ ಹೊತ್ತಿನ ನೀರು, ಒಂದು ಅಲೆಯೂ ಇಲ್ಲದೆ ಮಲಗಿತ್ತು. ಅದರ ಮೇಲೆ ಮೂರು ದೋಣಿ. ಪ್ರತಿ ದೋಣಿಯ ಕೆಳಗೂ ಅದರ ನೆರಳು ಸಣ್ಣಗೆ ಅಲುಗಾಡುತ್ತಿತ್ತು. ಕಿಟಕಿಯಾಚೆಗಿದ್ದ ನಮ್ಮ ಕಬಿನಿಯನ್ನೇ ಯಾರೋ ಮಡಚಿ ತಂದು ಗೋಡೆಗೆ ಅಂಟಿಸಿದ ಹಾಗಿತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಮೈ ಜುಮ್ಮೆಂದಿತು.

"ಇದು ಇಂಪ್ರೆಷನಿಸ್ಟ್ ಶೈಲಿ" ಎಂದರು ಮ್ಯಾನೇಜರ್. "ಹತ್ತಿರ ಹೋದರೆ ಏನಿಲ್ಲ. ದೂರ ನಿಂತರೆ ಎಲ್ಲಾ ಉಂಟು."

ಬೇರೆ ಯಾರಾದರೂ ಆಗಿದ್ದರೆ ಅಲ್ಲಿ ಕೈ ಮುಗಿದು ಬಂದುಬಿಡುತ್ತಿದ್ದರು. ನನಗೆ ಬೇರೆಯೇ ಯೋಚನೆ ಹೊಳೆಯಿತು. ಇದರಲ್ಲಿ ಕಣ್ಣು ಬರೆಯಬೇಕಿಲ್ಲ, ಮೂಗು ಬರೆಯಬೇಕಿಲ್ಲ. ನೀಲಿ ಮೆತ್ತಬೇಕು, ದೂರ ನಿಲ್ಲಬೇಕು. ಅಷ್ಟೇ! ನೀಲಿ ನನ್ನ ಅಂಗಡಿಯಲ್ಲಿದೆ. ದೂರ ಎಲ್ಲ ಕಡೆಯೂ ಇದೆ.

ಮನೆಗೆ ಬಂದರೆ ನನ್ನ ಹೆಂಡತಿ ಮಂಜುಳ ಲಗ್ನಪತ್ರಿಕೆಯಂಥದ್ದೊಂದು ಕಾರ್ಡ್ ಹಿಡಿದು ಕೂತಿದ್ದಳು. ಅವಳ ತಮ್ಮ ಲೋಕೇಶ ಪಿರಿಯಾಪಟ್ಟಣದಲ್ಲಿ ಮನೆ ಕಟ್ಟಿಸಿದ್ದ. ಶ್ರಾವಣದಲ್ಲಿ ಗೃಹಪ್ರವೇಶ. ಸಂತೋಷಪಡಬೇಕಾದವಳು ಪೆಚ್ಚುಮೋರೆ ಹಾಕಿದ್ದಳು.

"ಈ ಸಲ ಏನ್ ಕೊಡೋದು ಕಣ್ರೀ?" ಎಂದಳು.

ಈ ಪ್ರಶ್ನೆಯ ಹಿಂದೆ ಒಂದು ಇತಿಹಾಸವಿದೆ. ಆ ಇತಿಹಾಸದ ಹೆಸರು ಜವರಾಯಣ್ಣ. ಮಂಜುಳನ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ. ಕೆ.ಆರ್. ನಗರದಲ್ಲಿ ಅಕ್ಕಿ ಗಿರಣಿ ಇಟ್ಟಿದ್ದಾನೆ. ಮನುಷ್ಯ ಒಳ್ಳೆಯವನೇ. ಆದರೆ ಅತ್ತೆ ಮನೆಯ ಯಾವ ಕಾರ್ಯವಾಗಲಿ, ಅವನು ತರುವ ಉಡುಗೊರೆಯ ಮುಂದೆ ನಮ್ಮದು ಕಾಣೆಯಾಗಿಬಿಡುತ್ತದೆ. ಕಾಣೆಯಾಗುತ್ತದೆ ಎಂದರೆ ಅಕ್ಷರಶಃ! ಹಿಂದಿನ ಸಲ ನಾವು ಅತ್ತೆಗೆ ಗೋಡೆ ಗಡಿಯಾರ ಕೊಟ್ಟೆವು. ಅವನು ಕಬ್ಬಿಣದ ಬೀರು ಕೊಟ್ಟ. ಗೋಡೆಗೆ ಮೊಳೆ ಹೊಡೆಯಲು ಪುರುಸೊತ್ತಿಲ್ಲದೆ ನಮ್ಮ ಗಡಿಯಾರವನ್ನು ಅವನ ಬೀರುವಿನೊಳಗೇ ಇಟ್ಟುಬಿಟ್ಟರು. ಊಟಕ್ಕೆ ಕೂತಾಗ ಬೀರುವಿನೊಳಗಿಂದ ಟಿಕ್ ಟಿಕ್ ಕೇಳುತ್ತಿತ್ತು. ಮಂಜುಳ ಅವತ್ತು ಅನ್ನ ಬಿಟ್ಟು ಎದ್ದಿದ್ದಳು.

"ಯೋಚ್ನೆ ಬುಡು" ಎಂದೆ, ಅಂಗಿಯ ತೋಳು ಮಡಚುತ್ತ. "ಚಿತ್ರ ಕೊಡಾಣ. ದೋಣಿ ಚಿತ್ರ. ನಾನೇ ಬರಿತೀನಿ. ಇಂಪ್ರೆಷನಿಸ್ಟ್ ಶೈಲಿ!"

ಮಂಜುಳ ನನ್ನ ಹಣೆ ಮುಟ್ಟಿ ನೋಡಿದಳು. ಬಿಸಿ ಇರಲಿಲ್ಲ. ರೆಸಾರ್ಟಿನ ಚಿತ್ರವನ್ನು ನಾನು ಎದ್ದು ನಿಂತು, ಕೈ ಆಡಿಸಿ ವರ್ಣಿಸಿದೆ. ವರ್ಣಿಸುವುದರಲ್ಲಿ ನಾನು ಗಟ್ಟಿಗ. ಕೇಳುತ್ತ ಕೇಳುತ್ತ ಅವಳ ಮುಖ ಅರಳಿತು. ಸೀದಾ ಎಸ್‌ಟಿಡಿ ಬೂತಿಗೆ ಹೋಗಿ ತಮ್ಮನಿಗೆ ಫೋನ್ ಹಚ್ಚಿದಳು. "ಲೋಕೇಶ, ಹಾಲ್‌ನಾಗೆ ಎದುರ್ಗಡೆ ಗೋಡೆನ ಖಾಲಿ ಬುಡು ಕಣೋ. ನಿಮ್ ಬಾವ ಚಿತ್ರ ಬರ್ದು ತತ್ತಾರೆ. ಯಾರ್ ಏನ್ ತಂದ್ರೂ ಆ ಗೋಡೆ ಕೊಡ್ಬ್ಯಾಡ!"

ವಾಪಸ್ ಬಂದವಳ ಮುಖ ಮತ್ತೆ ಗಂಭೀರವಾಗಿತ್ತು. ಜವರಾಯಣ್ಣನೂ ಅದೇ ಗೋಡೆ ಕೇಳಿದ್ದಾನಂತೆ. ಮೈಸೂರಿನಿಂದ ಜಲಪಾತದ ಚಿತ್ರ ತರುತ್ತಾನಂತೆ. ಪ್ಲಗ್ ಹಾಕಿದರೆ ದೀಪ ಹತ್ತಿಕೊಂಡು ನೀರು ಧುಮುಕುತ್ತದಂತೆ, ಹಕ್ಕಿ ಕೂಗುತ್ತದಂತೆ. "ನಾನು ಬುಡ್ಲಿಲ್ಲ. ನಮ್ಮೋರು ತರೋದನ್ನ ನೋಡ್ಬುಟ್ಟು ಆಮೇಲೆ ಹೇಳು ಅಂದೆ. ರೀ, ಈ ಸಲ ನನ್ ಮಾತು ಉಳಿಸ್ಕೊಡಿ ಕಣ್ರೀ" ಎಂದಳು.

ಮೀಸೆಯ ಮೇಲೆ ಕೈಯಾಡಿಸಿದೆ. ಪಾಪ, ಜವರಾಯಣ್ಣ ಎನ್ನಿಸಿತು.

ಮಾರನೇ ದಿನವೇ ಅಂಗಡಿಯಲ್ಲಿ ಕೆಲಸ ಶುರು ಮಾಡಿದೆ. ಬಾಗಿಲಿಗೆ ಹಾಕುವ ಹಾರ್ಡ್‌ಬೋರ್ಡಿನಲ್ಲಿ ಒಳ್ಳೇ ಅಗಲವಾದ ತುಂಡು ಕೊಯ್ಸಿದೆ. ಚಿತ್ರ ಬರೆಯುವ ಬಣ್ಣ ಬೇರೆ ಇರುತ್ತದಂತೆ, ಸಣ್ಣ ಸಣ್ಣ ಟ್ಯೂಬಿನಲ್ಲಿ ಬರುತ್ತದಂತೆ. ಲೀಟರ್‌ಗಟ್ಟಲೆ ಎನಾಮೆಲ್ ಇಟ್ಟುಕೊಂಡವನು ಟ್ಯೂಬು ಹುಡುಕಿಕೊಂಡು ಹೋಗುವುದೇ? ಗೇಟಿಗೆ ಹಚ್ಚುವ ನೀಲಿಯನ್ನು ನೀರು ಮಾಡಿದೆ. ಅದರ ಮೇಲೆ ಕಿಟಕಿ ಸರಳಿನ ಬಿಳಿಯನ್ನು ಅಲ್ಲಲ್ಲಿ ಮೆತ್ತಿದೆ. ಅದರ ಮೇಲೆ ಟ್ರ್ಯಾಕ್ಟರ್ ಟ್ರೇಲರಿನ ಕಿತ್ತಳೆಯಲ್ಲಿ ಮೂರು ದೋಣಿ ಬರೆದೆ. ಒಂದು ಕೋಟ್ ಒಣಗದೆ ಇನ್ನೊಂದು ಬಳೀಬೇಡಿ ಎಂದು ದಿನಾ ಗಿರಾಕಿಗಳಿಗೆ ಗಂಟಲು ಹರಿದುಕೊಂಡು ಹೇಳುವವನು ನಾನೇ. ಆದರೆ ನಾನು ಗಿರಾಕಿಯಲ್ಲವಲ್ಲ! ಬೋರ್ಡನ್ನು ಗೋಡೆಗೆ ಒರಗಿಸಿ, ಶಟರ್ ಎಳೆದು ಮನೆಗೆ ಹೋದೆ.

ಬೆಳಿಗ್ಗೆ ಶಟರ್ ಎತ್ತಿದರೆ ದೋಣಿಗಳಿಲ್ಲ! ಬಣ್ಣ ಇಳಿದು ಇಳಿದು ಮೂರೂ ದೋಣಿ ಬೋರ್ಡಿನ ಕೆಳಗಂಚಿಗೆ ಬಂದು ಸೇರಿದ್ದವು. ಕಬಿನಿಯಲ್ಲಿ ಕೂಡ ಹೀಗೆ ಗಾಳಿಯಿಲ್ಲದೆ, ಮಳೆಯಿಲ್ಲದೆ, ಸಾಲಾಗಿ ದೋಣಿ ಮುಳುಗಿದ್ದನ್ನು ಯಾರೂ ಕಂಡಿಲ್ಲ.

ಧೈರ್ಯಗೆಡಲಿಲ್ಲ. ಮುಳುಗಿದವನ್ನು ಒರೆಸಿ, ಈ ಸಲ ಬೋರ್ಡನ್ನು ನೆಲದ ಮೇಲೆ ಮಲಗಿಸಿ, ಬಣ್ಣವನ್ನು ಗಟ್ಟಿಯಾಗಿ, ಉದಾರವಾಗಿ ಹಾಕಿದೆ. ಎದುರುಗಡೆ ಅಂಗಡಿಯ ಟೈಲರ್ ರಾಜಣ್ಣ ಟೇಪು ಕತ್ತಿಗೆ ಹಾಕಿಕೊಂಡು ಬಂದು ನಿಂತ.

"ಕಲ್ಲಂಗಡಿ ಹೋಳು ಬಲು ಚೆನ್ನಾಗವೆ ಕಣಣ್ಣ" ಎಂದ.

"ದೋಣಿ ಕಣಯ್ಯ ಅವು. ಇದನ್ನ ಹತ್ರದಿಂದ ನೋಡ್ಬಾರ್ದು. ದೂರ ಹೋಗು."

ಬೋರ್ಡನ್ನು ಎತ್ತಿ ಹಿಡಿದೆ. ರಾಜಣ್ಣ ರಸ್ತೆ ದಾಟಿ ತನ್ನ ಅಂಗಡಿ ಮುಂದೆ ನಿಂತ. "ಇನ್ನೂ ಕಲ್ಲಂಗಡಿನೇ ಕಣಣ್ಣ!" ಎಂದು ಕೂಗಿದ.

"ಇನ್ನೂ ಹಿಂದಕ್ ಹೋಗು!"

ಪಕ್ಕದ ಓಣಿಯೊಳಗೆ ಹಿಂದೆ ಹಿಂದೆ ಹೋದ. ನಡುವೆ ಒಂದು ಬಸ್ಸು ಬಂತು, ಒಂದು ಸೌದೆ ಗಾಡಿ ಬಂತು. ನಾನು ಬೋರ್ಡ್ ಹಿಡಿದೇ ನಿಂತಿದ್ದೆ. ರಸ್ತೆ ಖಾಲಿಯಾದ ಮೇಲೆ ನೋಡಿದರೆ ಓಣಿಯ ತುದಿಯಲ್ಲಿ ರಾಜಣ್ಣ ಒಂದು ಕಡ್ಡಿಯಷ್ಟು ಕಾಣುತ್ತಿದ್ದ. "ಈಗ ಹೆಂಗದೆ?" ಎಂದು ಗಂಟಲು ಹರಿಯುವಂತೆ ಕೂಗಿದೆ.

"ಈಗ ಏನೂ ಕಾಣಾಕಿಲ್ಲ ಕಣಣ್ಣೋ! ಬಲು ಚೆನ್ನಾಗದೆ!"

ನನಗೆ ಅಷ್ಟು ಸಾಕಾಗಿತ್ತು.

ಉಳಿದದ್ದು ಒಣಗುವುದೊಂದೇ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ನಮ್ಮ ಮನೆಯ ಬನಿಯನ್ನೇ ಒಣಗುವುದಿಲ್ಲ, ಇನ್ನು ಬೆರಳು ದಪ್ಪ ಮೆತ್ತಿದ ಎನಾಮೆಲ್ ಒಣಗುತ್ತದೆಯೇ? ಮೇಲೆ ಕೆನೆ ಕಟ್ಟಿತು, ಒಳಗೆ ಹಸಿ ಹಾಗೇ ಇತ್ತು. ಮನೆಗೆ ತಂದು ಟ್ಯೂಬ್‌ಲೈಟಿನ ಕೆಳಗೆ ಫ್ಯಾನ್ ಹಾಕಿ ಇಟ್ಟೆ. ಸಂಜೆಗೆ ಮಳೆಹುಳಗಳು ಬಂದವು. ದೀಪಕ್ಕೆಂದು ಬಂದವು ನೀರಿಗೆ ಬಿದ್ದವು.

"ಇದೇನ್ರೀ ಚುಕ್ಕಿ ಚುಕ್ಕಿ?" ಎಂದಳು ಮಂಜುಳ.

"ಹಕ್ಕಿಗಳು. ದೂರದಲ್ಲಿ ಹಾರ್ತಾ ಅವೆ."

ಅವಳು ಬಗ್ಗಿ ನೋಡಿದಳು. "ಹಕ್ಕಿಗೆ ಆರು ಕಾಲಾ?"

"ಹತ್ರದಿಂದ ನೋಡ್ಬ್ಯಾಡ ಅಂತ ಎಷ್ಟ್ ಸಲ ಹೇಳ್ಲಿ?" ಎಂದು ರೇಗಿದೆ. ಅವಳು ಒಳಗೆ ಹೋದಳು. ಆ ರಾತ್ರಿ ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು.

ಗೃಹಪ್ರವೇಶದ ಹಿಂದಿನ ದಿನ ಬಸ್ಸು ಹತ್ತಿದೆವು. ಬೋರ್ಡನ್ನು ಬಾಗಿಲಲ್ಲಿ ಓರೆ ಮಾಡಿ ತೂರಿಸುವಾಗ ಕಂಡಕ್ಟರ್, "ಇದೇನಣ್ಣ, ಬಚ್ಚಲುಮನೆ ಬಾಗ್ಲಾ?" ಎಂದ. ಚಿತ್ರ ಎಂದೆ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ, ಲಗೇಜ್ ಟಿಕೆಟ್ ಹರಿದ. ಸೀಟು ಸಿಕ್ಕಲಿಲ್ಲ. ನಡುದಾರಿಯಲ್ಲಿ ಬೋರ್ಡನ್ನು ತಬ್ಬಿಕೊಂಡು ನಿಂತೆ. ಬಣ್ಣದ ಮುಖವನ್ನು ನನ್ನ ಕಡೆ ತಿರುಗಿಸಿಕೊಂಡರೆ ನನ್ನ ರೇಷ್ಮೆ ಅಂಗಿ ಹಾಳಾಗುತ್ತದೆಂದು ಹೊರಗಡೆಗೆ ತಿರುಗಿಸಿದ್ದೆ. ದಾರಿಯಲ್ಲಿ ಬಿಳೀ ಜುಬ್ಬ ಹಾಕಿದ ಯಜಮಾನರೊಬ್ಬರು ಹತ್ತಿ ಅದರ ಮುಂದೆ ಬೆನ್ನು ಮಾಡಿ ನಿಂತರು. ಗರಿಗರಿ ಇಸ್ತ್ರಿ, ಹೆಗಲ ಮೇಲೆ ಶಲ್ಯ, ಎಲ್ಲೋ ಮದುವೆಗೆ ಹೊರಟಂತಿತ್ತು.

"ಸ್ವಾಮಿ, ಸ್ವಲ್ಪ ಮುಂದಕ್ಕೆ…" ಎನ್ನುವಷ್ಟರಲ್ಲಿ ರಸ್ತೆಗೆ ಎಮ್ಮೆ ಅಡ್ಡ ಬಂತು. ಡ್ರೈವರ್ ಬ್ರೇಕ್ ಒತ್ತಿದ. ಯಜಮಾನರು ತಮ್ಮ ಇಡೀ ಭಾರವನ್ನು ನನ್ನ ಕಲೆಯ ಮೇಲೆ ಹಾಕಿದರು!

ಹುಣಸೂರು ಬರುವವರೆಗೆ ಅವರು ಹಾಗೇ ಒರಗಿಕೊಂಡಿದ್ದರು. ಮೆತ್ತಗಿತ್ತಲ್ಲ, ಹಿತವಾಗಿದ್ದಿರಬೇಕು. ಸ್ಟ್ಯಾಂಡಿನಲ್ಲಿ ಅವರು ಮುಂದಕ್ಕೆ ಹೆಜ್ಜೆ ಇಟ್ಟಾಗ 'ಪಚಕ್' ಎಂದಿತು. ಇಳಿದು ಹೊರಟರು. ಅವರ ಬೆನ್ನ ಮೇಲೆ ಅಚ್ಚ ಕಿತ್ತಳೆ ಬಣ್ಣದ ಒಂದು ದೋಣಿ, ಅದರ ಕೆಳಗೆ ನೀಲಿ ನೀರು!

"ಅಯ್ಯಯ್ಯೋ, ಕರೀರಿ ಅವ್ರನ್ನ!" ಎಂದಳು ಮಂಜುಳ.

ಕಿಟಕಿಯಿಂದ ತಲೆ ಹಾಕಿ, "ಯಜಮಾನ್ರೇ! ಯಜಮಾನ್ರೇ!" ಎಂದು ಕೂಗಿದೆ. ಅವರು ತಿರುಗಿ ನೋಡಿದರು. ಯಾರೋ ಪರಿಚಯದವನೆಂದು ತಿಳಿದು ತುಂಬ ವಿನಯದಿಂದ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು. ನಾನೂ ನಮಸ್ಕಾರ ಮಾಡಿದೆ. ಬಸ್ಸು ಹೊರಟಿತು. ಅವರು ಜನರ ನಡುವೆ ಗಂಭೀರವಾಗಿ ನಡೆದುಹೋಗುತ್ತಿದ್ದರು. ದೋಣಿ ಸಣ್ಣಗೆ ತೂಗಾಡುತ್ತ ತೇಲಿಹೋಗುತ್ತಿತ್ತು. ಈ ಮಾತನ್ನು ಸಂಕೋಚವಿಲ್ಲದೆ ಹೇಳುತ್ತೇನೆ: ದೂರದಿಂದ ಅದು ಬಹಳ ಚೆನ್ನಾಗಿ ಕಾಣುತ್ತಿತ್ತು. ನಾನು ಬರೆದ ದೋಣಿಗಳಲ್ಲಿ ನಿಜವಾದ ಇಂಪ್ರೆಷನಿಸ್ಟ್ ದೋಣಿ ಅದೊಂದೇ. ಅದು ಹುಣಸೂರಿನಲ್ಲಿ ಇಳಿದುಹೋಯಿತು!

ಪಿರಿಯಾಪಟ್ಟಣ ತಲುಪಿದಾಗ ಲೋಕೇಶನ ಹೊಸ ಮನೆಯ ಮುಂದೆ ಶಾಮಿಯಾನ ಎದ್ದಿತ್ತು. ಹಾಲ್‌ನಲ್ಲಿ ಎದುರು ಗೋಡೆಗೆ ಮೊಳೆ ಹೊಡೆದು ಕಾಯುತ್ತಿದ್ದರು. ಅದರ ಕೆಳಗೆ ಕುರ್ಚಿಯ ಮೇಲೆ ಜವರಾಯಣ್ಣನ ಜಲಪಾತ ಆಗಲೇ ಧುಮುಕುತ್ತಿತ್ತು. ನೀರು ಮಿನುಗುತ್ತಿತ್ತು, ಹಕ್ಕಿಗಳು ಕಿಚಕಿಚ ಎನ್ನುತ್ತಿದ್ದವು, ಅತ್ತೆ ಮನೆಯ ನೆಂಟರೆಲ್ಲ ಬಾಯಿ ತೆರೆದು ನೋಡುತ್ತಿದ್ದರು.

"ಬಾ ತಮ್ಮ, ಬಾ" ಎಂದ ಜವರಾಯಣ್ಣ. "ಎಲ್ಲಪ್ಪ ನಿನ್ ಚಿತ್ರ? ನೋಡ್‌ಮ."

ತೋರಿಸಿದೆ. ನೀಲಿಯ ಮೇಲೆ ಎರಡು ದೋಣಿ, ಮೂರನೆಯದರ ಜಾಗದಲ್ಲಿ ಯಜಮಾನರ ಬೆನ್ನಿನ ಗುರುತು. ಒಂದೆರಡು ಹುಳ ಇನ್ನೂ ಕಾಲಾಡಿಸುತ್ತಿದ್ದವು. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಮಂಜುಳ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಒಳಗೆ ಹೋದಳು. ಲೋಕೇಶ ಮೊಳೆಯನ್ನೂ ನೋಡಿ, ಅಕ್ಕ ಹೋದ ಬಾಗಿಲನ್ನೂ ನೋಡಿ, "ಬೆಳಿಗ್ಗೆ ಪೂಜೆ ಆದ್ಮ್ಯಾಲೆ ನೋಡಾಣ ಬುಡಿ ಬಾವ" ಎಂದ.

ಬೆಳಿಗ್ಗೆ ತನಕ ಸಮಯವಿತ್ತು! ಅವನ ಗೇಟಿಗೆ ಹಚ್ಚಿ ಉಳಿದ ಬಣ್ಣದ ಡಬ್ಬಿಗಳು ಹಿತ್ತಲಲ್ಲಿದ್ದವು. ಕಳೆದುಹೋದ ದೋಣಿಯನ್ನು ಮತ್ತೆ ಬರೆದೆ. ಹೊಸದರ ಮುಂದೆ ಹಳೆಯ ಎರಡು ಮಂಕಾಗಿ ಕಂಡವು. ಅವಕ್ಕೂ ಬಳಿದೆ. ದೋಣಿಗಳ ಮುಂದೆ ನೀರು ಮಂಕಾಗಿ ಕಂಡಿತು. ನೀರಿಗೂ ಬಳಿದೆ. ಕೆಳಗೆ ಮಲಗಿಸಿದರೆ ನೆಂಟರು ತುಳಿಯುತ್ತಾರೆಂದು ಹಾಲ್‌ನಲ್ಲಿ ಮೊಳೆಯ ಕೆಳಗೇ ಇಟ್ಟಿಗೆಗಳ ಮೇಲೆ ಎತ್ತರವಾಗಿ ಒರಗಿಸಿಟ್ಟೆ. ಈ ಸಲ ಬಣ್ಣವನ್ನು ಗಂಜಿಯಷ್ಟು ಗಟ್ಟಿ ಕಲಸಿದ್ದೆ. ದೋಣಿಗಳು ಮುಳುಗುವ ಪ್ರಶ್ನೆಯೇ ಇರಲಿಲ್ಲ. ಬೇರೆ ಯಾವ ಅಪಾಯವೂ ನನಗೆ ಹೊಳೆಯಲಿಲ್ಲ. ಹೊಸ ಮನೆಯೊಳಕ್ಕೆ ಮೊದಲು ಕಾಲಿಡುವುದು ಯಾರು ಎಂಬುದು ಹೆತ್ತ ತಾಯಿಯ ಹಾಲು ಕುಡಿದವರಿಗೆಲ್ಲ ಗೊತ್ತಿರುವ ವಿಷಯ. ನಾನು ಮರೆತಿದ್ದೆ.

ಬೆಳಗಾಯಿತು. ಹಿಂದಿನ ಬೀದಿಯ ಕೆಂಪಮ್ಮ ತಮ್ಮ ಹಸು ಗೌರಿಯನ್ನೂ ಅದರ ಕರುವನ್ನೂ ಹಿಡಿದುಕೊಂಡು ಬಂದರು. ಗೌರಿ ಅಪ್ಪಟ ಬಿಳಿ. ಕೊಂಬಿಗೆ ಹೂವು ಸುತ್ತಿ, ಹಣೆಗೆ ಅರಿಶಿನ ಕುಂಕುಮ ಇಟ್ಟಿದ್ದರು. ಹೊಸಿಲ ಪೂಜೆಯಾಯಿತು. ಗೌರಿ ಮದುವಣಗಿತ್ತಿಯಂತೆ ಬಲಗಾಲಿಟ್ಟು ಒಳಗೆ ಬಂದಳು. ಹಿಂದೆ ಕಳಶ ಹಿಡಿದ ಲೋಕೇಶ ದಂಪತಿ, ಅವರ ಹಿಂದೆ ನಾವೆಲ್ಲ. ಎಲ್ಲವೂ ಸುಸೂತ್ರವಾಗಿ ನಡೆಯುತ್ತಿತ್ತು. ಆಗ ವಾಲಗದವನು, ಇದೇ ಒಳ್ಳೇ ಗಳಿಗೆ ಎಂದು, ಗೌರಿಯ ಕಿವಿಯ ಹತ್ತಿರವೇ ಡೋಲು ಬಾರಿಸಿದ.

ಗೌರಿ ಬೆಚ್ಚಿ ತಿರುಗಿದಳು. ಹಸು ತಿರುಗಲು ಆ ಹಾಲ್‌ನಲ್ಲಿ ಜಾಗ ಇದ್ದದ್ದು ಒಂದೇ ಕಡೆ. ನನ್ನ ಚಿತ್ರದ ಕಡೆ! ಹೊಟ್ಟೆಯನ್ನು ಬೋರ್ಡಿಗೆ ಒತ್ತಿಕೊಂಡು ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮನೆ ಜಾರಿದಳು. "ಹಿಡ್ಕಳ್ರೋ! ಹಿಡ್ಕಳ್ರೋ!" ಎಂದು ಎಲ್ಲರೂ ಕೂಗಿದರು. ಯಾರೂ ಹಿಡಿಯಲಿಲ್ಲ. ಗೌರಿಗೆ ಮೈಯೆಲ್ಲ ಅಂಟು ಅಂಟಾಗಿ ಸಿಟ್ಟು ಬಂತು. ಬಾಲವನ್ನು ಒಮ್ಮೆ ಎಡಕ್ಕೆ ಬೀಸಿದಳು, ಒಮ್ಮೆ ಬಲಕ್ಕೆ ಬೀಸಿದಳು. ಆಮೇಲೆ ಇದೇನಿದು ಎಂದು ಬೋರ್ಡಿನ ಮೂಲೆಯನ್ನು ಮೂಸಿ ನೋಡಿ, ಕರುವನ್ನು ಕರೆದುಕೊಂಡು ಬಂದ ದಾರಿಯಲ್ಲೇ ಹೊರಟುಹೋದಳು.

ಶಾಮಿಯಾನದ ಕೆಳಗೆ ನಿಂತ ಗೌರಿ ಒಂದು ಕಡೆಯಿಂದ ಬಿಳಿ, ಇನ್ನೊಂದು ಕಡೆಯಿಂದ ನೀಲಿ. ಸೊಂಟದ ಮೇಲೆ ಕಿತ್ತಳೆ ಬಣ್ಣದ ಪಟ್ಟೆ. ಮಂಜುಳನ ಅಜ್ಜಿ ಕುರ್ಚಿಯಲ್ಲಿ ಕೂತಲ್ಲಿಂದಲೇ ಕಣ್ಣು ಕಿರಿದು ಮಾಡಿ ನೋಡಿದರು. "ಈ ವರ್ಸ ಸಂಕ್ರಾಂತಿ ಶ್ರಾವಣದಾಗೇ ಬಂದ್ಬುಡ್ತಲ್ಲವ್ವ!" ಎಂದರು.

ಕೆಂಪಮ್ಮನಿಗೆ ಮಾತ್ರ ಸಂಕ್ರಾಂತಿಯ ಸಂಭ್ರಮ ಕಾಣಲಿಲ್ಲ. "ಯಾವನ್ಲಾ ಅವ್ನು, ನಮ್ ಗೌರಿಗೆ ಗೇಟ್ ಪೇಂಟ್ ಬಳ್ದವ್ನು?" ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿದರು. ನೆರೆದ ನೆಂಟರೆಲ್ಲ ಒಗ್ಗಟ್ಟಾಗಿ ನನ್ನ ಕಡೆ ಬೆರಳು ತೋರಿಸಿದರು. ಅಷ್ಟು ಒಗ್ಗಟ್ಟನ್ನು ನಾನು ಅತ್ತೆ ಮನೆಯಲ್ಲಿ ಹಿಂದೆಂದೂ ಕಂಡಿರಲಿಲ್ಲ.

ನನಗೆ ಕೆಂಪಮ್ಮನ ಭಯವಿರಲಿಲ್ಲ. ಮಂಜುಳನ ಮುಖ ನೋಡುವುದು ಹೇಗೆ ಎಂಬುದೇ ಚಿಂತೆಯಾಗಿತ್ತು. ಅವಳು ಗೇಟಿನ ಹತ್ತಿರ ಶಾಮಿಯಾನದ ಕಂಬ ಹಿಡಿದು ನಿಂತಿದ್ದಳು. ಕಣ್ಣು ತುಂಬಿತ್ತು. ಮಾತು ಉಳಿಸಿಕೊಡಿ ಎಂದು ಕೇಳಿದ್ದವಳು. ನೆಲ ನೋಡುತ್ತ ಅವಳ ಪಕ್ಕಕ್ಕೆ ಹೋಗಿ ನಿಂತೆ.

"ರೀ…" ಎಂದಳು.

"ತಪ್ಪಾಯ್ತು ಕಣೇ. ಊರ್ಗೆ ಹೋಗ್ಬುಡಾಣ ನಡಿ."

"ಅದಲ್ರೀ. ಅಲ್ಲ್ ನೋಡಿ."

ತಲೆಯೆತ್ತಿದೆ. ತೆರೆದ ಬಾಗಿಲಿನ ಮೂಲಕ ಹಾಲ್‌ನ ಎದುರು ಗೋಡೆ ಕಾಣುತ್ತಿತ್ತು. ಅದಕ್ಕೆ ಒರಗಿದ್ದ ಬೋರ್ಡಿನಲ್ಲಿ ನೀರಿತ್ತು! ನಾನು ಮೆತ್ತಿದ್ದ ಗುಡ್ಡೆ ಗುಡ್ಡೆ ನೀಲಿಯನ್ನೂ ಬಿಳಿಯನ್ನೂ ಗೌರಿಯ ಹೊಟ್ಟೆ ಒಂದೇ ಎಳೆತದಲ್ಲಿ ಸವರಿ, ನಯವಾಗಿ, ಉದ್ದಕ್ಕೆ ಹರಡಿಬಿಟ್ಟಿತ್ತು. ಒಂದು ಅಲೆಯೂ ಇಲ್ಲದ ಬೆಳಗಿನ ನೀರು. ನನ್ನ ಕಲ್ಲಂಗಡಿ ಹೋಳುಗಳು ಕರಗಿ, ನೀರಿನ ಮೇಲೆ ಬಿದ್ದ ಎಳೆ ಬಿಸಿಲಾಗಿದ್ದವು. ಅದರ ನಡುವೆ ಬಾಲದ ಎರಡು ಬೀಸಿನಲ್ಲಿ ಮೂಡಿದ ಎರಡು ತೆಳ್ಳನೆಯ ಬಾಗು. ಎರಡು ದೋಣಿ! ಕೆಳಗೆ ಅವುಗಳ ನೆರಳು ಕೂಡ ಇತ್ತು. ಬೀಚನಹಳ್ಳಿಯಲ್ಲಿ ಆದಂತೆಯೇ ನನಗೆ ಮತ್ತೆ ಮೈ ಜುಮ್ಮೆಂದಿತು. ಮಂಜುಳ ನನ್ನ ಕೈ ಹಿಡಿದುಕೊಂಡಳು. ಇಷ್ಟು ಜನರ ಮುಂದೆ ಅವಳು ನನ್ನ ಕೈ ಹಿಡಿದದ್ದು ಧಾರೆಯ ದಿನ ಬಿಟ್ಟರೆ ಅವತ್ತೇ.

ಒಬ್ಬೊಬ್ಬರೇ ಗೇಟಿನ ಹತ್ತಿರ ಬಂದು ನಿಂತು ನೋಡಿದರು. "ಅರೆರೆ, ನೀರು ಕಣ್ರಲಾ!" ಎಂದರು. "ತೆಪ್ಪ ನೋಡು, ತೆಪ್ಪ!" ಎಂದರು. ಕೆಂಪಮ್ಮನೂ ಬಂದು ನೋಡಿದರು. ಸೊಂಟಕ್ಕೆ ಸಿಕ್ಕಿಸಿದ ಸೆರಗು ಮೆಲ್ಲಗೆ ಕೆಳಗಿಳಿಯಿತು. "ನಮ್ ಗೌರಿ ಮುಟ್ಟಿದ್ದೆಲ್ಲ ಅಂಗೆಯ" ಎಂದರು ಬಿಂಕದಿಂದ.

ಲೋಕೇಶ ಎರಡನೇ ಮಾತಿಲ್ಲದೆ ಅದನ್ನು ಮೊಳೆಗೆ ಹಾಕಿದ. ಜವರಾಯಣ್ಣ ಜಲಪಾತವನ್ನು ಪಕ್ಕದ ಗೋಡೆಗೆ ಒಯ್ದು ಪ್ಲಗ್ ಹಾಕಿದ. ಅಷ್ಟರಲ್ಲಿ ಕರೆಂಟ್ ಹೋಯಿತು! ಜಲಪಾತ ನಡುದಾರಿಯಲ್ಲಿ ನಿಂತಿತು, ಹಕ್ಕಿಗಳು ಬಾಯಿ ಮುಚ್ಚಿದವು. ಅವನು ಸೊಂಟದ ಮೇಲೆ ಕೈಯಿಟ್ಟು ಎರಡನ್ನೂ ಬಾರಿ ಬಾರಿ ನೋಡಿ, ಹೊಟ್ಟೆ ಕುಲುಕಿಸಿಕೊಂಡು ನಕ್ಕ. "ನಿಂದು ಕರೆಂಟಿಲ್ದಂಗೇ ಓಡ್ತದಲ್ಲಪ್ಪ!" ಎಂದ. ಹೇಳಿದೆನಲ್ಲ, ಮನುಷ್ಯ ಒಳ್ಳೆಯವನು.

ಊಟದ ಹೊತ್ತಿಗೆ ಲೋಕೇಶನ ಪರಿಚಯದ ಡ್ರಾಯಿಂಗ್ ಮೇಷ್ಟ್ರೊಬ್ಬರು ಬಂದರು. ಬೆಳಗಿನ ಪ್ರಕರಣ ಅವರಿಗೆ ಗೊತ್ತಿರಲಿಲ್ಲ. ಬಾಗಿಲಲ್ಲೇ ನಿಂತುಬಿಟ್ಟರು.

"ಆಹಾ! ಯಾರ್ರೀ ಬರ್ದಿದ್ದು? ಈ ನೀರು ನೋಡಿ, ಒಂದೇ ಎಳೆತ! ಎಲ್ಲೂ ಕೈ ಎತ್ತಿಲ್ಲ. ಎಂಥ ಧೈರ್ಯದ ಕೈ!"

ನೆಂಟರೆಲ್ಲ ನನ್ನನ್ನು ನೋಡಿದರು. ಯಾರೋ ಕೆಮ್ಮಿದರು. "ಕೈ ಅಲ್ಲ ಸಾರ್…" ಎಂದೆ. "ಅಂದ್ರೆ, ನಾನೊಬ್ನೇ ಅಲ್ಲ. ಇಬ್ರು ಸೇರಿ ಬರ್ದಿದ್ದು."

"ಇನ್ನೊಬ್ರು ಎಲ್ಲಿದ್ದಾರೆ?"

"ಹಿತ್ಲಾಗೆ ಊಟ ಮಾಡ್ತಾ ಅವ್ರೆ ಸಾರ್."

"ಕರೀರಿ, ಕರೀರಿ! ಅಭಿನಂದಿಸಬೇಕು!"

"ಮಗು ಸಣ್ದು ಸಾರ್. ಬುಟ್ಟು ಬರಾಕಿಲ್ಲ."

ಮಂಜುಳ ಬಾಯಿಗೆ ಸೆರಗು ಒತ್ತಿಕೊಂಡು ಅಡಿಗೆಮನೆಗೆ ಓಡಿದಳು. ಅಲ್ಲಿಂದ ಅವಳೂ ಅವಳ ಅಕ್ಕನೂ ಬಿದ್ದು ಬಿದ್ದು ನಗುವುದು ಕೇಳಿಸಿತು. ಮೇಷ್ಟ್ರು ಚಿತ್ರದ ಹತ್ತಿರ ಹೋಗಿ ಕನ್ನಡಕ ಏರಿಸಿದರು. ದೋಣಿಯಲ್ಲಿ ಅಂಟಿದ್ದ ಒಂದು ಉದ್ದನೆಯ ಕೂದಲನ್ನು ಮುಟ್ಟಿ, ಇಂಥ ಬ್ರಷ್ಷು ಎಲ್ಲಿ ಸಿಗುತ್ತದೆ ಎಂದರು. ಲೋಕಲ್ ಎಂದೆ. ಸಹಿ ಎಲ್ಲಿ ಎಂದರು. ಕೆಳಗಿನ ಮೂಲೆ ತೋರಿಸಿದೆ. ಅಲ್ಲಿ ದುಂಡಗೆ, ಒದ್ದೆ ಒದ್ದೆಯಾಗಿ, ಒಂದು ಮೂತಿಯ ಗುರುತಿತ್ತು. "ಮಾಡರ್ನ್" ಎಂದು ತಲೆದೂಗಿದರು.

ನನಗೆ ಆ ದಿನ ಹೋಳಿಗೆ ಸಿಕ್ಕಿದ್ದು ಕೊನೆಯ ಪಂಕ್ತಿಯಲ್ಲಿ. ಅಲ್ಲಿಯವರೆಗೆ ಹಿತ್ತಲಲ್ಲಿ ಕೆಂಪಮ್ಮನ ಕಣ್ಗಾವಲಿನಲ್ಲಿ ಗೌರಿಯ ಮೈಗೆ ಕಡಲೆಕಾಯಿ ಎಣ್ಣೆ ತಿಕ್ಕಿ ತಿಕ್ಕಿ ಬಣ್ಣ ಬಿಡಿಸುತ್ತಿದ್ದೆ. ಗೌರಿ ಹೋಳಿಗೆ ಮೆಲ್ಲುತ್ತ ಸುಖವಾಗಿ ನಿಂತಿದ್ದಳು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ದೊಡ್ಡ ಕಲಾವಿದರಿಗೆ ಅಷ್ಟು ಜಂಬ ಇರಬೇಕಾದದ್ದೇ.

ಚಿತ್ರ ಈಗಲೂ ಆ ಗೋಡೆಯ ಮೇಲಿದೆ. ಲೋಕೇಶನ ಮನೆಗೆ ಹೋದಾಗಲೆಲ್ಲ ಮಂಜುಳ ಮೊದಲು ಗೇಟಿನ ಹತ್ತಿರ ನಿಂತು ಅದನ್ನು ಕಣ್ತುಂಬ ನೋಡಿ, ಆಮೇಲೆ ಚಪ್ಪಲಿ ಬಿಡುತ್ತಾಳೆ. ಅವಳು ಹಾಗೆ ನಿಂತಾಗ ನನಗೂ ಹೆಮ್ಮೆಯೇ. ಬಣ್ಣವಂತೂ ನಮ್ಮದೇ ತಾನೇ!

ಒಂದೆರಡು ವರ್ಷದ ಮೇಲೆ ಜವರಾಯಣ್ಣ ಕೆ.ಆರ್. ನಗರದಲ್ಲಿ ಹೊಸ ಮನೆ ಕಟ್ಟಿಸಿದ. ಒಂದು ದಿನ ಅವನೇ ಅಂಗಡಿಗೆ ಫೋನ್ ಮಾಡಿದ.

"ತಮ್ಮ, ನಮ್ ಹಾಲ್‌ಗೂ ಅಂತದೇ ಒಂದು ಚಿತ್ರ ಆಗ್ಬೇಕು ಕಣೋ. ಗೋಡೆ ಖಾಲಿ ಬುಟ್ಟಿವ್ನಿ."

ನನ್ನ ಎದೆ ಉಬ್ಬಿತು. ಯಾರ ಬೀರುವಿನೊಳಗೆ ನನ್ನ ಗಡಿಯಾರ ಟಿಕ್ ಟಿಕ್ ಎಂದಿತ್ತೋ ಆ ಜವರಾಯಣ್ಣ ನನ್ನ ಕಲೆಯನ್ನು ಕೇಳಿ ಫೋನ್ ಮಾಡಿದ್ದಾನೆ! ಎದುರಂಗಡಿಯ ರಾಜಣ್ಣನಿಗೂ ಕೇಳಿಸಲೆಂದು ಗಟ್ಟಿಯಾಗಿ ಹೇಳಿದೆ: "ಅದಕ್ಕೇನಂತೆ ಅಣ್ಣ, ಬರ್ಕೊಡ್ತೀನಿ! ಎಷ್ಟ್ ದೊಡ್ದು ಬೇಕು? ಯಾವಾಗ ಬರ್ಲಿ?"

"ಹಿಂದಿನ್ ದಿನ ಸಂಜೆ ಬಾ, ಸಾಕು" ಎಂದ ಜವರಾಯಣ್ಣ. "ನೀನು ಬಣ್ಣ ತಕಂಡ್ ಬಾ. ಹಸ ನಮ್ ಕೊಟ್ಗೇಲೇ ಅದೆ."